ಒಂದು ಕುಟುಂಬ, ಒಂದು ಹಾಯಿಹಡಗು, ಒಬ್ಬ ಸಂತರ ಹೆಸರು



ಈ ವಾರ ನಿಮ್ಮನ್ನು ಒಂದು ಹಾಯಿಹಡಗಿನಲ್ಲಿ ಕೂರಿಸಿ ದೂರದ ದ್ವೀಪಗಳಿಗೆ ಕರೆದೊಯ್ಯಬೇಕೆಂಬ ಆಸೆ ನನಗೆ. ಹಡಗು ಬಹಳ ದೊಡ್ಡದೇನಲ್ಲ. ಅದರಲ್ಲಿ ಒಬ್ಬ ರೋಗಿ, ಅವರ ಹೆಂಡತಿ, ವಿಧವೆಯಾದ ತಾಯಿ, ಹೆಂಡತಿಯ ಮೊದಲ ಮದುವೆಯ ಮಗ, ಜೊತೆಗೊಬ್ಬ ಮನೆಕೆಲಸದಾಕೆ ಇದ್ದಾರೆ. ಇವರು ಪುಣ್ಯಕ್ಷೇತ್ರಕ್ಕೆ ಹೊರಟವರಲ್ಲ. ಆ ಕುಟುಂಬದಲ್ಲಿ ಯಾರೂ ಕಥೋಲಿಕರೂ ಅಲ್ಲ. ಬಿಸಿಲು, ಸಮುದ್ರದ ಗಾಳಿ, ಸ್ವಲ್ಪ ಆರೋಗ್ಯ, ಇಷ್ಟನ್ನೇ ಬಯಸಿ ಹೊರಟವರು. ಆದರೂ ಈ ಪ್ರಯಾಣದ ಫಲವಾಗಿ ನಮ್ಮ ಸಂತರೊಬ್ಬರ ಹೆಸರಿಗೆ ಬಳಿದ ಮಸಿಯನ್ನು ಒರೆಸುವ ಕೈಯೊಂದು ಮುಂದೆ ಬಂತು. ಅದು ಹೇಗೆಂದು ಹೇಳುತ್ತೇನೆ.

ರೋಗಿಯ ಹೆಸರು ರಾಬರ್ಟ್ ಲೂಯಿ ಸ್ಟೀವನ್ಸನ್. 'ಟ್ರೆಷರ್ ಐಲೆಂಡ್' ಎಂಬ ಕಾದಂಬರಿಯನ್ನು ಶಾಲೆಯ ದಿನಗಳಲ್ಲಿ ಓದಿದವರಿಗೆ ಈ ಹೆಸರು ಪರಿಚಿತ. ಒಂಟಿಕಾಲಿನ ಕಡಲುಗಳ್ಳನನ್ನೂ ಅವನ ಹೆಗಲ ಮೇಲಿನ ಗಿಳಿಯನ್ನೂ ನಿಮ್ಮಲ್ಲಿ ಹಲವರು ಮರೆತಿರಲಾರಿರಿ.

ದೀಪಸ್ತಂಭ ಕಟ್ಟುವವರ ಮನೆ

ಸ್ಟೀವನ್ಸನ್ ಅವರು ಹುಟ್ಟಿದ್ದು 1850ರ ನವೆಂಬರ್ 13ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಅವರ ಅಜ್ಜನೂ ತಂದೆಯೂ ದೀಪಸ್ತಂಭಗಳನ್ನು ಕಟ್ಟಿಸುವ ಇಂಜಿನಿಯರುಗಳು. ಅಲೆಗಳಲ್ಲಿ ಮುಳುಗೇಳುವ ಬೆಲ್ ರಾಕ್ ಬಂಡೆಯ ಮೇಲೆ ದೀಪಸ್ತಂಭ ನಿಲ್ಲಿಸಿ ಹೆಸರಾದವರು ಆ ಅಜ್ಜ. ಇಂಥ ಮನೆಯ ಒಬ್ಬನೇ ಮಗ ತಾನೂ ಇಂಜಿನಿಯರನಾಗಲಿ ಎಂದು ತಂದೆ ಥಾಮಸ್ ಸ್ಟೀವನ್ಸನ್ ಆಶಿಸಿದ್ದು ಸಹಜವೇ. ಆದರೆ ಮಗುವಿನ ಎದೆ ದುರ್ಬಲ. ಚಳಿಗಾಲ ಬಂತೆಂದರೆ ಕೆಮ್ಮು, ಜ್ವರ, ನಿದ್ರೆಯಿಲ್ಲದ ರಾತ್ರಿಗಳು. ಹಾಸಿಗೆಯ ಪಕ್ಕ ಕುಳಿತು ಬೈಬಲ್ ಕಥೆಗಳನ್ನು ಓದಿ ಹೇಳುತ್ತಿದ್ದ ದಾದಿಯೇ ಆ ಮಗುವಿನ ಮೊದಲ ಗುರು.

ಬೆಳೆದ ಮಗ ಇಂಜಿನಿಯರಿಂಗ್ ಬಿಟ್ಟರು. ಕಾನೂನು ಓದಿ 1875ರಲ್ಲಿ ವಕೀಲರಾದರೂ ಆ ವೃತ್ತಿಯಲ್ಲಿ ನಿಲ್ಲಲಿಲ್ಲ. ಬರೆಯುವುದೊಂದೇ ಅವರ ಹಂಬಲ. ಇದಕ್ಕಿಂತ ದೊಡ್ಡ ಪೆಟ್ಟು 1873ರಲ್ಲೇ ಬಿದ್ದಿತ್ತು. ಪ್ರೆಸ್ಬಿಟೇರಿಯನ್ ವಿಶ್ವಾಸದಲ್ಲಿ ಗಟ್ಟಿಯಾಗಿ ನಿಂತಿದ್ದ ತಂದೆಯ ಮುಂದೆ, ಆ ವಿಶ್ವಾಸ ತನ್ನಲ್ಲಿ ಉಳಿದಿಲ್ಲವೆಂದು ಮಗ ಒಪ್ಪಿಕೊಂಡರು. ಸುಳ್ಳು ಹೇಳಿ ಮನೆಯ ಶಾಂತಿ ಕಾಪಾಡುವುದು ಅವರಿಂದ ಆಗಲಿಲ್ಲ. ತಂದೆತಾಯಿಯರ ಪಾಲಿಗೆ ಅದು ಸಾವಿನ ಮನೆಯಂಥ ಕಾಲ. ತಮ್ಮ ಮಕ್ಕಳು ದೇವಾಲಯಕ್ಕೆ ಬರುವುದನ್ನು ನಿಲ್ಲಿಸಿದ್ದಾರೆಂದು ಕಣ್ಣೀರು ಹಾಕುವ ತಾಯಂದಿರೇ, ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದಕ್ಕೆ ಮರಳಿ ಬರುತ್ತೇನೆ.

1876ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಅವರಿಗೆ ಫ್ಯಾನಿ ಆಸ್ಬರ್ನ್ ಎಂಬ ಅಮೆರಿಕದ ಮಹಿಳೆಯ ಪರಿಚಯವಾಯಿತು. ಆಕೆ ಅವರಿಗಿಂತ ಹತ್ತು ವರ್ಷ ಹಿರಿಯರು, ಗಂಡನಿಂದ ದೂರವಾಗಿದ್ದವರು. ಕಿರಿಯ ಮಗನನ್ನು ಅದೇ ವರ್ಷ ಮಣ್ಣು ಮಾಡಿದ್ದರು. ಇಸೊಬೆಲ್ ಎಂಬ ಮಗಳು ಮತ್ತು ಲಾಯ್ಡ್ ಎಂಬ ಮಗ ಜೊತೆಗಿದ್ದರು. ಆಕೆ ವಿಚ್ಛೇದನ ಪಡೆದ ಮೇಲೆ, 1880ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಬ್ಬರ ಮದುವೆ ನಡೆಯಿತು. ನಮ್ಮ ಧರ್ಮಸಭೆಯ ಬೋಧನೆಗೆ ಇಂಥ ಮದುವೆ ಸರಿಹೊಂದುವುದಿಲ್ಲವೆಂದು ನಿಮಗೆ ಗೊತ್ತು. ಸ್ಟೀವನ್ಸನ್ ಅವರನ್ನು ಸಂತರೆಂದು ಹೇಳಲು ನಾನು ಹೊರಟಿಲ್ಲ. ಆದರೆ ಆ ಮಕ್ಕಳನ್ನು ಅವರು ತಮ್ಮವರೆಂದೇ ಕಂಡರು. 1881ರ ಮಳೆಗಾಲದ ಒಂದು ದಿನ ಲಾಯ್ಡ್‌ನೊಂದಿಗೆ ಕುಳಿತು ಆಟಕ್ಕೆಂದು ಬರೆದ ದ್ವೀಪದ ನಕ್ಷೆಯಿಂದಲೇ 'ಟ್ರೆಷರ್ ಐಲೆಂಡ್' ಹುಟ್ಟಿತು. ತಂದೆ ಥಾಮಸರೂ ಕೊನೆಗೆ ಮಗನ ಕೈ ಬಿಡಲಿಲ್ಲ. ವರ್ಷಕ್ಕೆ 250 ಪೌಂಡ್ ಕೊಡುವುದಾಗಿ ತಿಳಿಸಿ ಸೊಸೆಯನ್ನು ಮನೆ ತುಂಬಿಸಿಕೊಂಡರು. 'ಟ್ರೆಷರ್ ಐಲೆಂಡ್' ಬರೆಯುವಾಗ ಮಗನ ಪಕ್ಕ ಕುಳಿತು ಉತ್ಸಾಹದಿಂದ ಸಲಹೆ ಕೊಟ್ಟವರಲ್ಲಿ ಅವರೂ ಒಬ್ಬರು.

ಹಡಗು ಹತ್ತಿದ ಮನೆಮಂದಿ

1887ರ ಮೇ ತಿಂಗಳಲ್ಲಿ ತಂದೆ ತೀರಿಕೊಂಡರು. ಮಗ ಅಷ್ಟರಲ್ಲಿ ಹೆಸರಾಂತ ಲೇಖಕರು. ಆದರೆ ಕೆಮ್ಮಿದಾಗ ರಕ್ತ ಬೀಳುತ್ತಿತ್ತು, ಎಷ್ಟೋ ವಾರ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಒಳ್ಳೆಯ ಹವೆಯನ್ನು ಹುಡುಕಿ ಇಡೀ ಕುಟುಂಬ ಅಮೆರಿಕಕ್ಕೆ ಹೋಯಿತು. ತಾಯಿ ಮಾರ್ಗರೆಟ್ ಅವರೂ ಹೊರಟರು. ಮಾರನೆಯ ವರ್ಷ ಫ್ಯಾನಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಡಿಗೆಗೆ ಸಿಗುವ ಹಾಯಿಹಡಗೊಂದನ್ನು ಪತ್ತೆ ಮಾಡಿದರು. ಎರಡು ಕಂಬಗಳ ಆ ಹಡಗಿನ ಹೆಸರು ಕ್ಯಾಸ್ಕೊ. ಉದ್ದ ಸುಮಾರು 95 ಅಡಿ. ತಂದೆಯಿಂದ ಬಂದ ಹಣದಲ್ಲಿ 2,000 ಪೌಂಡ್ ತೆಗೆದು ಸ್ಟೀವನ್ಸನ್ ಈ ಪ್ರಯಾಣಕ್ಕೆ ಇಟ್ಟರು. ಬದುಕಿದರೆ ಬದುಕಿದಂತೆ, ಇಲ್ಲವಾದರೆ ಸಮುದ್ರವೇ ಸಮಾಧಿ ಎಂಬ ಮನಸ್ಥಿತಿ ಅವರದು. ಹಡಗಿನ ಕಪ್ತಾನರಿಗೂ ಇದೇ ಅನುಮಾನ. ಪ್ರಯಾಣಿಕರು ದಾರಿಯಲ್ಲೇ ತೀರಿಕೊಂಡರೆ ಸಮುದ್ರದಲ್ಲಿ ಅಂತ್ಯಕ್ರಿಯೆ ಮಾಡಲು ಬೇಕಾದುದನ್ನು ಅವರು ಮೊದಲೇ ಸಿದ್ಧಪಡಿಸಿಕೊಂಡಿದ್ದರಂತೆ.

1888ರ ಜೂನ್ 28ರಂದು ಕ್ಯಾಸ್ಕೊ ಹೊರಟಿತು. ಆ ಇಕ್ಕಟ್ಟಿನ ಹಡಗಿನ ಬದುಕನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಫ್ಯಾನಿಗೆ ಸಮುದ್ರವೆಂದರೆ ತಲೆಸುತ್ತು, ವಾಂತಿ. ಗಂಡನಿಗೆ ಕಡಲಗಾಳಿ ಒಗ್ಗುತ್ತದೆಂಬ ಒಂದೇ ಕಾರಣಕ್ಕೆ ಆಕೆ ತಿಂಗಳುಗಟ್ಟಲೆ ಅದನ್ನು ಸಹಿಸಿದರು. ಮಾರ್ಗರೆಟ್ ಅವರಿಗೆ ಆಗ 59 ವರ್ಷ. ಪ್ರೆಸ್ಬಿಟೇರಿಯನ್ ಬೋಧಕರ ಮಗಳು, ಎಡಿನ್‌ಬರೋದ ದೊಡ್ಡ ಮನೆಯ ಯಜಮಾನಿ. ಗಂಜಿ ಹಾಕಿ ಗರಿಗರಿಯಾಗಿಸಿದ ವಿಧವೆಯ ಬಿಳಿ ಟೋಪಿ ತೊಟ್ಟೇ ಆಕೆ ಪೆಸಿಫಿಕ್ ಸಾಗರವನ್ನು ದಾಟಿದರು. ಊರಿನ ಸಹೋದರಿಗೆ ಆಕೆ ಬರೆದ ಪತ್ರಗಳಲ್ಲಿ ದೂರುಗಳಿಗಿಂತ ಸಂತೋಷವೇ ಹೆಚ್ಚು. ಅತ್ತೆ ಸೊಸೆಯರು ಒಂದೇ ಸೂರಿನಡಿ ಇರುವುದು ಎಷ್ಟು ಕಷ್ಟವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿ ಸೂರೂ ಇಲ್ಲ, ಕೋಪ ಬಂದರೆ ಎದ್ದು ಹೋಗಲು ಅಂಗಳವೂ ಇಲ್ಲ. ಆದರೂ ಅವರು ಹೊಂದಿಕೊಂಡರು.

ಒಂದು ತಿಂಗಳ ನಂತರ ಮಾರ್ಕೆಸಸ್ ದ್ವೀಪಗಳ ನೂಕು ಹಿವಾ ಕಾಣಿಸಿತು. ಅಲ್ಲಿಂದ ಹಿವಾ ಓವಾ, ಬಳಿಕ ಉಂಗುರದಂತೆ ನೀರನ್ನು ಸುತ್ತುವರಿದ ಹವಳದ ದ್ವೀಪ ಫಕರಾವಾ, ಆಮೇಲೆ ತಾಹಿತಿ. ಮಾರ್ಕೆಸಸ್‌ನಲ್ಲಿ ಸ್ಟೀವನ್ಸನ್ ಅವರಿಗೆ ಮೊದಲ ಬಾರಿಗೆ ಕಥೋಲಿಕ ಧರ್ಮಪ್ರಚಾರಕರ ನಿಕಟ ಪರಿಚಯವಾಯಿತು. ಯೇಸು ಮತ್ತು ಮರಿಯಮ್ಮನವರ ಪವಿತ್ರ ಹೃದಯಗಳ ಸಭೆಯ ಗುರುಗಳು ಮತ್ತು ಸಹೋದರರು ಅಲ್ಲಿ ದುಡಿಯುತ್ತಿದ್ದರು. ತಮ್ಮ ಕೈಯಿಂದಲೇ ಕಲ್ಲು ಕಟ್ಟಿ ದೇವಾಲಯಗಳನ್ನು ಎಬ್ಬಿಸಿದ್ದ ಒಬ್ಬ ಸಹೋದರರನ್ನು ಸ್ಟೀವನ್ಸನ್ ಮೆಚ್ಚಿಕೊಂಡರು. ಕೇಳಿದ್ದಕ್ಕೂ ಕಣ್ಣಾರೆ ಕಂಡದ್ದಕ್ಕೂ ಎಷ್ಟು ವ್ಯತ್ಯಾಸವಿದೆಯೆಂಬುದು ಅವರಿಗೆ ಅಲ್ಲಿ ಅರಿವಾಗತೊಡಗಿತು.

ತಾಹಿತಿಯಲ್ಲಿ ಮತ್ತೆ ರಕ್ತ ಬಿತ್ತು. ಫ್ಯಾನಿ ಗಾಡಿಯೊಂದನ್ನು ಮಾಡಿಕೊಂಡು ಗಂಡನನ್ನು ಟೌಟಿರಾ ಎಂಬ ಹಳ್ಳಿಗೆ ಸಾಗಿಸಿದರು. ಅಲ್ಲಿ ಮೋಯೆ ಎಂಬ ರಾಜಮನೆತನದ ಹೆಣ್ಣುಮಗಳು ಅವರಿಗೆ ಪಥ್ಯದ ಆಹಾರ ಮಾಡಿಕೊಟ್ಟು ಉಪಚರಿಸಿದರು. ಓರಿ ಎಂಬ ಸ್ಥಳೀಯ ಮುಖಂಡರು ತಮ್ಮ ಮನೆಯನ್ನೇ ಬಿಟ್ಟುಕೊಟ್ಟರು. ಅಷ್ಟರಲ್ಲಿ ಹಡಗಿನ ಕಂಬಗಳು ಒಳಗೇ ಕೊಳೆತಿವೆಯೆಂದು ತಿಳಿಯಿತು! ಅವು ತುಂಡಾಗಿ ನಡುಸಮುದ್ರದಲ್ಲಿ ಬಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ದುರಸ್ತಿ ವಾರಗಟ್ಟಲೆ ಎಳೆಯಿತು. ಕೈಯಲ್ಲಿದ್ದ ಸಾಮಾನು ಮುಗಿಯಿತು. ಆಗ ಆ ಮುಖಂಡರು ತಮ್ಮಲ್ಲಿದ್ದುದನ್ನೆಲ್ಲ ಪರದೇಶಿಗಳೊಂದಿಗೆ ಹಂಚಿಕೊಂಡರು. ಸ್ಟೀವನ್ಸನ್ ಅವರನ್ನು ಸಹೋದರನೆಂದು ಕರೆದು, ಆ ನಾಡಿನ ಪದ್ಧತಿಯಂತೆ ಹೆಸರು ಬದಲಾಯಿಸಿಕೊಂಡರು. ಕ್ರಿಸ್ಮಸ್ ದಿನ ಹೊರಟ ಹಡಗು ಒಮ್ಮೆ ಗಾಳಿಯಿಲ್ಲದೆ ನಿಂತು, ಒಮ್ಮೆ ಬಿರುಗಾಳಿಗೆ ಸಿಕ್ಕಿ, 1889ರ ಜನವರಿ 24ರಂದು ಹವಾಯಿಯ ಹೊನೊಲುಲು ತಲುಪಿತು. ಇನ್ನು ಬರಲಾರರೆಂದು ಚಿಂತಿಸುತ್ತಿದ್ದ ಮಗಳು ಇಸೊಬೆಲ್ ಅಲ್ಲಿ ಕಾದಿದ್ದರು. ಕ್ಯಾಸ್ಕೊ ಹಿಂತಿರುಗಿತು. ಸಾಯಲು ಹೊರಟಿದ್ದ ರೋಗಿ ಚೇತರಿಸಿಕೊಂಡಿದ್ದರು.

ಮೊಲೊಕಾಯಿಯ ಒಂದು ವಾರ

ಹವಾಯಿಯ ಮೊಲೊಕಾಯಿ ದ್ವೀಪದ ಹೆಸರನ್ನು ನೀವು ಧರ್ಮೋಪದೇಶದ ತರಗತಿಯಲ್ಲೇ ಕೇಳಿರುತ್ತೀರಿ. ಹಿಂದೆ ಕಡಿದಾದ ಬೆಟ್ಟ, ಮುಂದೆ ಸಮುದ್ರ, ನಡುವೆ ಒಂದು ತುಂಡು ನೆಲ. ಕುಷ್ಠರೋಗ ಬಂದವರನ್ನು ಹಿಡಿದು ತಂದು ಅಲ್ಲಿ ಬಿಡುತ್ತಿದ್ದರು. ಬೆಲ್ಜಿಯಂ ದೇಶದ ಫಾದರ್ ಡೇಮಿಯನ್ 1873ರ ಮೇ 10ರಂದು ಅಲ್ಲಿಗೆ ಹೋದರು. ಮಾರ್ಕೆಸಸ್‌ನಲ್ಲಿ ದುಡಿಯುತ್ತಿದ್ದ ಗುರುಗಳ ಸಭೆಯವರೇ ಅವರು. ಹದಿನಾರು ವರ್ಷ ರೋಗಿಗಳ ಗಾಯ ತೊಳೆದು, ಮನೆ ಕಟ್ಟಿಕೊಟ್ಟು, ಶವಪೆಟ್ಟಿಗೆ ಮಾಡಿ, ಬಲಿಪೂಜೆ ಅರ್ಪಿಸಿ, ಕೊನೆಗೆ ತಾವೂ ಅದೇ ರೋಗಕ್ಕೆ ಒಳಗಾಗಿ, 1889ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, ತಮ್ಮ 49ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು.

ಸ್ಟೀವನ್ಸನ್ ಅಲ್ಲಿಗೆ ಹೋದದ್ದು ಅದೇ ಮೇ ತಿಂಗಳಲ್ಲಿ, ಒಬ್ಬರೇ. ದಡಕ್ಕೆ ಹೋಗುವ ದೋಣಿಯಲ್ಲಿ ಅವರ ಜೊತೆ ಇಬ್ಬರು ಕ್ರೈಸ್ತ ಭಗಿನಿಯರಿದ್ದರು. ರೋಗಿಗಳ ಸೇವೆಗೆಂದು ಹೊರಟವರು. ದಡ ಹತ್ತಿರವಾಗುತ್ತಿದ್ದಂತೆ ಅವರಲ್ಲಿ ಒಬ್ಬರು ಸದ್ದಿಲ್ಲದೆ ಅಳತೊಡಗಿದರು. ವಿಶ್ವಾಸ ಕಳೆದುಕೊಂಡೆನೆಂದು ತಂದೆಗೆ ಹೇಳಿದ್ದ ಆ ಲೇಖಕರೂ ಕಣ್ಣೀರು ತಡೆಯಲಾರದೆ ಹೋದರು.

ಅಲ್ಲಿ ಮದರ್ ಮರಿಯಾನ್ ಕೋಪ್ ಮತ್ತು ಅವರ ಸಂಗಡಿಗರಾದ ಫ್ರಾನ್ಸಿಸ್ಕನ್ ಭಗಿನಿಯರು ರೋಗಪೀಡಿತ ಹೆಣ್ಣುಮಕ್ಕಳನ್ನು ಸಾಕುತ್ತಿದ್ದರು. ಸ್ಟೀವನ್ಸನ್ ದಿನವೂ ಆ ಮಕ್ಕಳ ಬಳಿ ಹೋಗಿ ಕ್ರೋಕೆ ಎಂಬ ಚೆಂಡಾಟ ಕಲಿಸಿದರು. ಕೈಗವಸು ತೊಟ್ಟುಕೊಳ್ಳಿರೆಂದು ಹೇಳಿದರೂ ಒಪ್ಪಲಿಲ್ಲ. ಮಕ್ಕಳಿಗೆ ತಮ್ಮ ರೋಗ ನೆನಪಾಗಬಾರದೆಂಬುದು ಅವರ ಕಾಳಜಿ. ಎದೆಯ ರೋಗದಿಂದ ನರಳಿ, ಜನ ತನ್ನಿಂದ ದೂರ ಸರಿಯುವ ನೋವನ್ನು ಬಲ್ಲವರಿಗೆ ಮಾತ್ರ ಹೊಳೆಯುವ ಸೂಕ್ಷ್ಮವಿದು. ಹೊನೊಲುಲುವಿಗೆ ಮರಳಿದ ಮೇಲೆ ಆ ಮಕ್ಕಳಿಗಾಗಿ ಒಂದು ಪಿಯಾನೋ ಕಳುಹಿಸಿಕೊಟ್ಟರು.

ಇನ್ನೊಂದು ಕೆಲಸವನ್ನೂ ಅವರು ಮಾಡಿದರು. ಫಾದರ್ ಡೇಮಿಯನ್ ಹೇಗಿದ್ದರೆಂದು ಕಂಡಕಂಡವರನ್ನೆಲ್ಲ ಕೇಳಿದರು. ಹೊಗಳುವವರನ್ನಷ್ಟೇ ಕೇಳಲಿಲ್ಲ, ಅವರೊಂದಿಗೆ ಜಗಳವಾಡಿದವರನ್ನೂ ಕೇಳಿದರು. ಒರಟು ಮಾತು, ಹಟ, ಅಚ್ಚುಕಟ್ಟಿಲ್ಲದ ಬದುಕು, ಲೆಕ್ಕಪತ್ರದಲ್ಲಿ ಗೊಂದಲ, ಹೀಗೆ ಕೇಳಿದ್ದನ್ನೆಲ್ಲ ಗುರುತು ಹಾಕಿಕೊಂಡರು. ಎಲ್ಲವನ್ನೂ ತೂಗಿ ನೋಡಿದ ಮೇಲೆ ಅವರಿಗೆ ಕಂಡದ್ದು, ಕುಂದುಗಳಿದ್ದ ಒಬ್ಬ ಮನುಷ್ಯ ಮತ್ತು ಆ ಕುಂದುಗಳನ್ನು ಮೀರಿ ಪರರಿಗಾಗಿ ಪ್ರಾಣವನ್ನೇ ತೆತ್ತ ಮಹಾತ್ಮ.

ಮನೆಯವರ ಒಪ್ಪಿಗೆ

ಮೇ ತಿಂಗಳಲ್ಲಿ ತಾಯಿ ಸ್ಕಾಟ್ಲೆಂಡಿಗೆ ಮರಳಿದರು. ಉಳಿದವರು ಜೂನ್‌ನಲ್ಲಿ ಈಕ್ವೇಟರ್ ಎಂಬ ಇನ್ನೊಂದು ಹಾಯಿಹಡಗು ಹತ್ತಿ ಗಿಲ್ಬರ್ಟ್ ದ್ವೀಪಗಳನ್ನು ಸುತ್ತಿ, ಡಿಸೆಂಬರ್‌ನಲ್ಲಿ ಸಮೋವಾ ತಲುಪಿದರು. ಅಲ್ಲಿ ಮನೆ ಕಟ್ಟಲು ಜಮೀನನ್ನೂ ಕೊಂಡರು. 1890ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಸಿಡ್ನಿಗೆ ಹೋದಾಗ ಪತ್ರಿಕೆಯಲ್ಲಿ ಬಂದಿದ್ದ ಒಂದು ಕಾಗದ ಸ್ಟೀವನ್ಸನ್ ಅವರ ಕಣ್ಣಿಗೆ ಬಿತ್ತು. ಬರೆದವರು ಹೊನೊಲುಲುವಿನ ಪ್ರೊಟೆಸ್ಟಂಟ್ ಬೋಧಕ ಡಾಕ್ಟರ್ ಹೈಡ್. ಡೇಮಿಯನ್ ಕೊಳಕರು, ಹಟಮಾರಿ, ಯಾರೂ ಕಳುಹಿಸದೆ ತಾವಾಗಿಯೇ ಮೊಲೊಕಾಯಿಗೆ ಹೋದವರು, ಹೆಂಗಸರ ವಿಷಯದಲ್ಲಿ ಶುದ್ಧರಲ್ಲ, ರೋಗ ಬಂದದ್ದೂ ಅವರ ನಡತೆಯಿಂದಲೇ ಎಂಬುದು ಆ ಕಾಗದದ ಸಾರ. ಡೇಮಿಯನ್ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಸಮಾಧಿಯಲ್ಲಿದ್ದವರು ಎದ್ದು ಬಂದು ಉತ್ತರ ಕೊಡಲಾರರಲ್ಲವೇ?

ಸ್ಟೀವನ್ಸನ್ ಫೆಬ್ರವರಿ 25ರಂದು ಡಾಕ್ಟರ್ ಹೈಡ್ ಅವರಿಗೆ ಒಂದು ಬಹಿರಂಗ ಪತ್ರ ಬರೆದರು. ಆದರೆ ಅಚ್ಚಿಗೆ ಕೊಡುವ ಮೊದಲು ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಅದನ್ನು ಓದಿ ಹೇಳಿದರು. ಮಾನನಷ್ಟದ ಮೊಕದ್ದಮೆ ಬಂದರೆ ಇದ್ದುದೆಲ್ಲ ಹೋಗಬಹುದು, ಕಟ್ಟಬೇಕೆಂದಿರುವ ಮನೆಯೂ ಹೋಗಬಹುದು, ಆದ್ದರಿಂದ ನಿಮ್ಮ ಒಪ್ಪಿಗೆ ಇಲ್ಲದೆ ಮುಂದುವರಿಯುವ ಹಕ್ಕು ತನಗಿಲ್ಲವೆಂದು ವಿವರಿಸಿದರು. ಮನೆಯವರು ಹಿಂಜರಿಯಲಿಲ್ಲ. ಅಲೆಗಳ ಮೇಲೆ ಜೊತೆಯಾಗಿ ಕಷ್ಟಪಟ್ಟಿದ್ದ ಆ ಕುಟುಂಬ ಇಲ್ಲಿಯೂ ಜೊತೆಯಾಗಿಯೇ ನಿಂತಿತು. ಪತ್ರ ಅಚ್ಚಾಯಿತು, ಹಲವು ದೇಶಗಳಲ್ಲಿ ಜನ ಓದಿದರು. ಮೊಕದ್ದಮೆ ಬರಲಿಲ್ಲ. ಆ ಬರಹದಿಂದ ಸ್ಟೀವನ್ಸನ್ ತಮಗಾಗಿ ಹಣ ತೆಗೆದುಕೊಳ್ಳಲಿಲ್ಲ.

ಆ ಪತ್ರದ ಬಲ ಎಲ್ಲಿದೆ ಗೊತ್ತೇ? ಅವರು ಡೇಮಿಯನ್ನರ ಒಂದು ಕುಂದನ್ನೂ ಮುಚ್ಚಿಡಲಿಲ್ಲ. ತಾವೇ ಕೇಳಿ ತಿಳಿದಿದ್ದ ದೋಷಗಳನ್ನು ಒಪ್ಪಿಕೊಂಡು, ಸುಳ್ಳನ್ನು ಮಾತ್ರ ಸುಳ್ಳೆಂದರು. ಎಲ್ಲರೂ ದೂರ ನಿಂತಾಗ ಹತ್ತಿರ ಹೋದವರು ಯಾರು, ಮನೆಯಲ್ಲಿ ಸುಖವಾಗಿ ಕುಳಿತು ಕಾಗದ ಬರೆದವರು ಯಾರು ಎಂದು ಕೇಳಿದರು.

ಸಂತ ಥಾಮಸ್ ಅಕ್ವಿನಾಸರು ಚಾಡಿಯ ಪಾಪವನ್ನು ವಿವರಿಸುವಾಗ, ಸಂಪತ್ತಿಗಿಂತ ಒಳ್ಳೆಯ ಹೆಸರು ಹಿರಿದಾದ್ದರಿಂದ ಹೆಸರು ಕೆಡಿಸುವುದು ಕಳ್ಳತನಕ್ಕಿಂತ ಭಾರವಾದ ಪಾಪವೆಂದು ಕಲಿಸುತ್ತಾರೆ. ತಡೆಯಬಹುದಾಗಿದ್ದರೂ ತಡೆಯದೆ ಕೇಳುತ್ತ ಕೂರುವವನೂ ಆ ಪಾಪದಲ್ಲಿ ಪಾಲುಗಾರನೆನ್ನುತ್ತಾರೆ. ಮದುವೆಯ ಚಪ್ಪರದಲ್ಲಿ, ಸಾವಿನ ಮನೆಯ ಜಗಲಿಯಲ್ಲಿ, ಬಲಿಪೂಜೆ ಮುಗಿಸಿ ಹೊರಬಂದ ದೇವಾಲಯದ ಅಂಗಳದಲ್ಲೇ ನಾವು ಎಷ್ಟು ಜನರ ಹೆಸರನ್ನು ಹೀಗೆ ಕದ್ದಿದ್ದೇವೆ! ಕದ್ದ ಹಣವನ್ನು ಹಿಂತಿರುಗಿಸಬಹುದು. ಕದ್ದ ಹೆಸರನ್ನು ಯಾವ ಬಾಗಿಲಿಗೆ ಹೋಗಿ ಹಿಂತಿರುಗಿಸುವುದು?

ಇನ್ನೂ ಒಂದು ಮಾತಿದೆ, ಅದನ್ನು ಬಿಟ್ಟರೆ ಈ ಕಥೆ ಅರ್ಧವಾಗುತ್ತದೆ. ಅದೇ ವರ್ಷ ಸ್ಟೀವನ್ಸನ್ ತಮ್ಮ ಪತ್ರದ ಬಗ್ಗೆ ಪಶ್ಚಾತ್ತಾಪಪಟ್ಟರು. ಡೇಮಿಯನ್ನರ ಪರ ನಿಂತದ್ದಕ್ಕಲ್ಲ, ಹೈಡ್ ಅವರ ಮೇಲೆ ಪ್ರಯೋಗಿಸಿದ ಕ್ರೂರ ಮಾತುಗಳಿಗಾಗಿ. ಈಗ ಬರೆದರೆ ಡೇಮಿಯನ್ನರನ್ನು ಅಷ್ಟೇ ಗಟ್ಟಿಯಾಗಿ ಸಮರ್ಥಿಸುತ್ತಿದ್ದೆ, ಆದರೆ ಬದುಕಿರುವವರನ್ನು ಅಷ್ಟು ನೋಯಿಸುತ್ತಿರಲಿಲ್ಲವೆಂದು ಪರಿಚಿತರೊಬ್ಬರಿಗೆ ತಿಳಿಸಿದರು. ಸತ್ಯ ನಮ್ಮ ಪಕ್ಷದಲ್ಲಿದೆಯೆಂದು ಗೊತ್ತಾದ ಕೂಡಲೇ ನಾಲಿಗೆಗೆ ಕಡಿವಾಣ ತಪ್ಪುವುದು ನಮಗೆಲ್ಲ ಅನುಭವದ ಮಾತೇ. ಗೆದ್ದ ಮೇಲೆ ತನ್ನ ಕಠೋರತೆಯನ್ನು ಒಪ್ಪಿಕೊಳ್ಳುವವರು ಅಪರೂಪ.

ಬೆಟ್ಟದ ಮೇಲಿನ ಸಮಾಧಿ

ಸಮೋವಾದ ವೈಲಿಮಾದಲ್ಲಿ ಮನೆ ಎದ್ದಿತು. ತಾಯಿ ಮತ್ತೆ ಬಂದು ಸೇರಿಕೊಂಡರು. ಮಗಳು, ಮೊಮ್ಮಗ, ಸಮೋವಾದ ಕೆಲಸದವರು, ಎಲ್ಲ ಸೇರಿ ತುಂಬಿದ ಮನೆ. ಆ ಮನೆಯಲ್ಲಿ ಎಲ್ಲರೂ ಕೂಡಿ ಪ್ರಾರ್ಥಿಸುವ ಪದ್ಧತಿ ಬೆಳೆಯಿತು. ಪ್ರಾರ್ಥನೆಗಳನ್ನು ಬರೆಯುತ್ತಿದ್ದವರು ಯಾರೆಂದುಕೊಂಡಿರಿ? 1873ರಲ್ಲಿ ತಂದೆಯನ್ನು ಅಳಿಸಿದ್ದ ಆ ಮಗನೇ. ಅವರ ಅಂತರಂಗದ ವಿಶ್ವಾಸ ಎಷ್ಟಿತ್ತೆಂದು ಅಳೆಯುವುದು ನಮ್ಮ ಕೆಲಸವಲ್ಲ. ಆದರೆ ಕಣ್ಣೀರು ಹಾಕುವ ತಾಯಂದಿರೇ, ಮಾರ್ಗರೆಟ್ ಅವರು ಆ ಪ್ರಾರ್ಥನೆಯನ್ನು ಕೇಳುತ್ತ ಕುಳಿತ ಸಂಜೆಗಳನ್ನು ಯೋಚಿಸಿ ನೋಡಿ. ಮಗ ದೂರವಾದನೆಂದು ಆಕೆ ಮಗನನ್ನು ಬಿಡಲಿಲ್ಲ. ಅವನ ಹಡಗನ್ನೇ ಹತ್ತಿದರು.

ಸಮೋವಾದಲ್ಲಿ ಒಳಜಗಳ ನಡೆದು ಸೋತ ಪಕ್ಷದ ಮುಖಂಡರು ಸೆರೆಮನೆ ಸೇರಿದಾಗ ಸ್ಟೀವನ್ಸನ್ ಅವರಿಗೆ ಊಟ ತಂಬಾಕು ಒಯ್ದು ಕೊಟ್ಟು ಮಾತಾಡಿಸಿದರು. ಬಿಡುಗಡೆಯಾದ ಮುಖಂಡರು 1894ರಲ್ಲಿ ತಾವೇ ಗುದ್ದಲಿ ಹಿಡಿದು ಅವರ ಮನೆಗೆ ರಸ್ತೆ ಮಾಡಿಕೊಟ್ಟು, ಅದಕ್ಕೆ ಪ್ರೀತಿಯ ಹೃದಯದ ದಾರಿಯೆಂದು ಹೆಸರಿಟ್ಟರು.

ಅದೇ ವರ್ಷದ ಡಿಸೆಂಬರ್ 3ರ ಸಂಜೆ, ಹೆಂಡತಿಯ ಜೊತೆ ಊಟದ ಸಿದ್ಧತೆಗೆ ಕೈ ಜೋಡಿಸಿದ್ದಾಗ ಮಿದುಳಿನಲ್ಲಿ ರಕ್ತಸ್ರಾವವಾಗಿ ಅವರು ಕುಸಿದರು. ಆ ರಾತ್ರಿಯೇ ತೀರಿಕೊಂಡರು. ವಯಸ್ಸು 44. ಮನೆಯಲ್ಲಿ ಕೆಲಸಕ್ಕಿದ್ದ ಸಮೋವಾದ ಕಥೋಲಿಕರು ಅಪ್ಪಣೆ ಕೇಳಿ, ಪಾರ್ಥಿವ ಶರೀರದ ಬಳಿ ಕುಳಿತು ಲತೀನ್ ಮತ್ತು ಸಮೋವಾ ಭಾಷೆಗಳಲ್ಲಿ ಮೃತರಿಗಾಗಿ ಪ್ರಾರ್ಥಿಸಿದರು. ಬೆಳಗಾಗುವಷ್ಟರಲ್ಲಿ ಊರವರು ವೈಯಾ ಬೆಟ್ಟದ ಕಾಡು ಕಡಿದು ದಾರಿ ಮಾಡತೊಡಗಿದ್ದರು. ಹೆಗಲ ಮೇಲೆ ಹೊತ್ತು ಬೆಟ್ಟದ ತುದಿಗೆ ಒಯ್ದು, ಸಮುದ್ರ ಕಾಣುವಲ್ಲಿ ಮಣ್ಣು ಮಾಡಿದರು. ಒಬ್ಬ ಕಥೋಲಿಕ ಗುರುವಿನ ಹೆಸರಿಗಾಗಿ ನಿಂತವರಿಗೆ ಕೊನೆಯಲ್ಲಿ ಕಥೋಲಿಕರ ಪ್ರಾರ್ಥನೆ ದೊರೆಯಿತು.

ಫಾದರ್ ಡೇಮಿಯನ್ನರಿಗೆ 2009ರಲ್ಲಿ, ಮದರ್ ಮರಿಯಾನ್‌ರಿಗೆ 2012ರಲ್ಲಿ ಧರ್ಮಸಭೆ ಸಂತ ಪದವಿ ನೀಡಿತು. ದೇವರ ಮುಂದೆ ಸಂತರಿಗೆ ಯಾರ ಸಮರ್ಥನೆಯೂ ಬೇಕಿಲ್ಲ, ನಿಜ. ಆದರೆ ನಮ್ಮ ನಡುವೆ ಬದುಕುತ್ತಿರುವ, ನಮ್ಮ ಬಾಯಿಗೆ ಸಿಕ್ಕಿರುವ ನೆರೆಯವರಿಗೆ ಬೇಕು. ಈ ವಾರ ಯಾರಾದರೂ ನಿಮ್ಮ ಮುಂದೆ ಒಬ್ಬರ ಹೆಸರು ಕೆಡಿಸಲು ತೊಡಗಿದರೆ, ನೀವು ಅದನ್ನು ಕಣ್ಣಾರೆ ಕಂಡಿರಾ ಎಂದು ಮೃದುವಾಗಿ ಕೇಳಿ. ರಾತ್ರಿಯ ಜಪಸರದ ಬಳಿಕ ಮನೆಯವರೆಲ್ಲ ಕುಳಿತು, ನಮ್ಮ ಮಾತಿನಿಂದ ಯಾರ ಹೆಸರಿಗಾದರೂ ಮಸಿ ಹತ್ತಿದೆಯೇ ಎಂದು ಯೋಚಿಸಿ. ಹತ್ತಿದ್ದರೆ ನಾಳೆಯೇ ಹೋಗಿ ಒರೆಸಿ ಬನ್ನಿ.